ಉಪ್ಪಿನ ಗೆರೆ ಹಿಡಿದು ಒಂದು ಘಟಕ: ಅಘನಾಶಿನಿ ಅಳಿವೆಯಲ್ಲಿ ಒಂಬತ್ತನೇ ತರಗತಿಯ ವಿಜ್ಞಾನ

ನಮ್ಮ ಪಾಠಯೋಜನೆಯ ನಮೂನೆಯಲ್ಲಿ ‘ಸ್ಥಳೀಯ ಸಂಪನ್ಮೂಲಗಳು’ ಎಂಬ ಒಂದು ಅಂಕಣವಿದೆ. ಹಿಂದಿನ ಸಾಲಿನ ಪ್ರಶಿಕ್ಷಣಾರ್ಥಿಗಳ ದಾಖಲೆ ಪುಸ್ತಕಗಳನ್ನು ಗ್ರಂಥಾಲಯದಲ್ಲಿ ತಿರುವಿ ಹಾಕಿದಾಗ ಆ ಅಂಕಣದಲ್ಲಿ ಹೆಚ್ಚಾಗಿ ಕಂಡದ್ದು ‘ಎಲೆ, ಕಲ್ಲು, ಹೂವು’ ಅಥವಾ ‘ಸುತ್ತಲಿನ ಪರಿಸರ’ ಎಂಬಷ್ಟೇ. ಪಾಠ ಮೊದಲೇ ಸಿದ್ಧವಾಗಿರುತ್ತದೆ, ಊರು ಕೊನೆಗೆ ಬಂದು ಒಂದು ಉದಾಹರಣೆಯಾಗಿ ಸೇರಿಕೊಳ್ಳುತ್ತದೆ. ಇಂಟರ್ನ್‌ಶಿಪ್‌ಗೆ ಕುಮಟಾ ತಾಲ್ಲೂಕಿನ ಅಳಿವೆ ಬದಿಯ ಒಂದು ಪ್ರೌಢಶಾಲೆ ನನ್ನ ಪಾಲಿಗೆ ಬಂದಾಗ ಈ ಕ್ರಮವನ್ನು ತಿರುಗಿಸಿ ನೋಡಬೇಕೆನಿಸಿತು. ಮೊದಲು ಊರು, ಆಮೇಲೆ ಪುಸ್ತಕದ ಪರಿಕಲ್ಪನೆ. ಆರು ಅವಧಿ ಮತ್ತು ಒಂದು ಹೊರಾಂಗಣ ಭೇಟಿಯಲ್ಲಿ ಆ ಘಟಕ ಹೇಗೆ ನಡೆಯಿತು, ಎಲ್ಲಿ ನಿಧಾನಿಸಿತು, ಮಕ್ಕಳು ಯಾವ ಪ್ರಶ್ನೆಗಳನ್ನು ಎತ್ತಿದರು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ನಾನು ಗದಗ ಕಡೆಯವಳು. ನಮ್ಮಲ್ಲಿ ಉಪ್ಪುನೀರು ಎಂದರೆ ಕೆಟ್ಟ ಬೋರ್‌ವೆಲ್. ಕುಮಟಾದಲ್ಲಿ ಉಪ್ಪುನೀರು ದಿನಕ್ಕೆ ಎರಡು ಸಲ ಮನೆಯ ಹಿತ್ತಲಿನ ತನಕ ಬಂದು ಹೋಗುತ್ತದೆ. ಮಕ್ಕಳ ಪಾಲಿಗೆ ಇದು ಮಾತಾಡುವ ಸಂಗತಿಯೇ ಅಲ್ಲ. ಮೊದಲ ದಿನದ ಪರಿಚಯದಲ್ಲಿ ‘ನಿಮ್ಮೂರಿನಲ್ಲಿ ನೋಡುವಂಥದ್ದು ಏನಿದೆ?’ ಎಂದು ಕೇಳಿದೆ. ಗೋಕರ್ಣ, ಯಾಣ, ಮುರ್ಡೇಶ್ವರ ಎಂದರು. ‘ಅವು ಬೇರೆ ಊರು, ನಿಮ್ಮೂರಲ್ಲಿ?’ ಎಂದದ್ದಕ್ಕೆ ಹಿಂದಿನ ಬೆಂಚಿನಿಂದ, “ಇಲ್ಲಿ ಎಂತಾ ಇಲ್ಲ ಅಕ್ಕೋರೆ, ಬರೀ ಕೆಸರು” ಎಂಬ ಉತ್ತರ ಬಂತು. ಕರಾವಳಿ ಉತ್ತರ ಕನ್ನಡದಲ್ಲಿ ಶಿಕ್ಷಕಿಯನ್ನು ‘ಅಕ್ಕೋರು’ ಎನ್ನುತ್ತಾರೆ, ಶಿಕ್ಷಕರನ್ನು ‘ಮಾಸ್ತರು’. ಈ ಕರೆ ನನಗೆ ತುಂಬ ಹಿಡಿಸಿತು ಎಂಬುದನ್ನು ಪಾಠಕ್ಕೆ ಸಂಬಂಧವಿಲ್ಲದಿದ್ದರೂ ಹೇಳಿಬಿಡುತ್ತೇನೆ.

ಆ ‘ಬರೀ ಕೆಸರು’ 2024ರ ಜನವರಿ ಕೊನೆಯಲ್ಲಿ ರಾಮ್ಸರ್ ಪಟ್ಟಿಗೆ ಸೇರಿದೆ. ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ಸಾಲಿನಲ್ಲಿ 4,801 ಹೆಕ್ಟೇರಿನ ಅಘನಾಶಿನಿ ಅಳಿವೆಗೂ ಈಗ ಜಾಗವಿದೆ. ಘಟ್ಟದ ಮೇಲೆ ಶಿರಸಿ ಭಾಗದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಸುಮಾರು 120 ಕಿಲೋಮೀಟರ್ ಹರಿದು ತದಡಿ ಮತ್ತು ಅಘನಾಶಿನಿ ಎಂಬ ಎರಡು ಊರುಗಳ ನಡುವೆ ಈ ನದಿ ಅರಬ್ಬಿ ಸಮುದ್ರ ಸೇರುತ್ತದೆ. ಇದಕ್ಕೆ ದೊಡ್ಡ ಅಣೆಕಟ್ಟು ಬಿದ್ದಿಲ್ಲ. ಪಶ್ಚಿಮಕ್ಕೆ ಹರಿಯುವ ನಮ್ಮ ನದಿಗಳಲ್ಲಿ ಇದು ಅಪರೂಪ. ಘಟಕಕ್ಕೂ ಇದು ಮುಖ್ಯವಾದ ಸಂಗತಿ. ತಡೆಯಿಲ್ಲದ ನದಿಯಲ್ಲಿ ಮಳೆಗಾಲದ ಸಿಹಿನೀರು ಸಮುದ್ರವನ್ನು ಹೊರಗೆ ದೂಡುತ್ತದೆ, ಬೇಸಿಗೆಯಲ್ಲಿ ಸಮುದ್ರ ಒಳಗೆ ಏರಿ ಬರುತ್ತದೆ. ಈ ನೂಕಾಟ ವರ್ಷವರ್ಷವೂ ತನ್ನ ಲಯದಲ್ಲೇ ನಡೆದಿದೆ. ಮೀನುಗಾರಿಕೆ, ಚಿಪ್ಪು ಹೆಕ್ಕುವುದು, ಸಿಗಡಿ, ಭತ್ತ, ಉಪ್ಪು ಎಲ್ಲವೂ ಸೇರಿ 6,000ದಿಂದ 7,500 ಕುಟುಂಬಗಳು ಈ ಅಳಿವೆಯಿಂದ ಬದುಕುತ್ತವೆ ಎಂದು ರಾಮ್ಸರ್ ವಿವರಣೆ ಹೇಳುತ್ತದೆ. ನನ್ನ ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳು ಅಂಥ ಮನೆಗಳವರು.

ಘಟಕದ ಎಳೆ

ನಿಸರ್ಗ, ಇತಿಹಾಸ, ಆಹಾರ ಎಂದು ಮೂರು ಭಾಗ ಮಾಡಿ ಯೋಜನೆ ಬರೆಯುವುದು ಸುಲಭ. ಹಾಗೆ ಮಾಡಿದರೆ ವಿಜ್ಞಾನದ ಅಕ್ಕೋರು ನಿಸರ್ಗವನ್ನು, ಸಮಾಜ ವಿಜ್ಞಾನದ ಮಾಸ್ತರು ಕೋಟೆಯನ್ನು, ವಾರ್ಷಿಕೋತ್ಸವದ ಆಹಾರ ಮೇಳ ಅಡುಗೆಯನ್ನು ಹಂಚಿಕೊಂಡು ಮೂರೂ ಬಿಡಿಬಿಡಿಯಾಗುತ್ತವೆ. ನನಗೆ ಒಂದೇ ಎಳೆ ಬೇಕಿತ್ತು. ಮಾರ್ಗದರ್ಶಕ ಶಿಕ್ಷಕರ ಜೊತೆ ಸಂಜೆ ನದಿ ದಂಡೆಯಲ್ಲಿ ನಡೆಯುವಾಗ ಅವರು ಆಡಿದ ಮಾತಿನಲ್ಲಿ ಅದು ಸಿಕ್ಕಿತು: “ಇಲ್ಲಿ ಯಾರ ಮನೇಲಿ ಏನು ಬೇಯ್ತದೆ ಅನ್ನೋದನ್ನ ಉಪ್ಪು ತೀರ್ಮಾನ ಮಾಡ್ತದೆ.” ಹಾಗಾಗಿ ನದಿಯ ನಕ್ಷೆಯ ಮೇಲೆ ಸಮುದ್ರದಿಂದ ಒಳನಾಡಿಗೆ ಒಂದು ಗೆರೆ ಎಳೆದೆವು. ತದಡಿಯಲ್ಲಿ ಶುರು, ಮಿರ್ಜಾನ್ ನಡುವೆ, ಉಪ್ಪಿನಪಟ್ಟಣ ಕೊನೆ. ಉಬ್ಬರದ ಪ್ರಭಾವ ಸುಮಾರು 25 ಕಿಲೋಮೀಟರ್ ಒಳಗೆ ಉಪ್ಪಿನಪಟ್ಟಣದ ಆಸುಪಾಸಿನ ತನಕ ಇರುತ್ತದೆ. ಘಟಕದಲ್ಲಿ ಬರುವ ಪ್ರತಿಯೊಂದು ಸಂಗತಿಯನ್ನು, ಅದು ಮರವಿರಲಿ, ಕೋಟೆಯಿರಲಿ, ಸಾರಿರಲಿ, ಈ ಗೆರೆಯ ಮೇಲೆ ತನ್ನ ಜಾಗದಲ್ಲಿ ಇಡುವುದು ಮಕ್ಕಳ ಕೆಲಸ. ಹಳೆಯ ಕ್ಯಾಲೆಂಡರುಗಳ ಹಿಂಬದಿಯನ್ನು ಅಂಟಿಸಿ ಮಾಡಿದ ಆ ಉದ್ದನೆಯ ಪಟ್ಟಿ ಆರೂ ಅವಧಿಗಳಲ್ಲಿ ಗೋಡೆಯ ಮೇಲೇ ಇತ್ತು. ಬೇರೆ ಕಲಿಕೋಪಕರಣಕ್ಕೆ ಹೆಚ್ಚು ಖರ್ಚು ಮಾಡಲಿಲ್ಲ.

ಪಠ್ಯದ ಕಡೆಯಿಂದ ನೋಡಿದರೆ ಇದರಲ್ಲಿ ಅಭಿಸರಣೆ, ದ್ರಾವಣದ ಸಾರತೆ, ಬೇರ್ಪಡಿಸುವಿಕೆ, ಆಹಾರ ಸಂಪನ್ಮೂಲಗಳ ಅಧ್ಯಾಯ ಎಲ್ಲವೂ ಬರುತ್ತವೆ. ಆ ಅಧ್ಯಾಯದಲ್ಲಿ ಕಾಟ್ಲಾ, ರೋಹು ಮೀನುಗಳ ಮಿಶ್ರ ಸಾಕಣೆಗೆ ಚಿತ್ರವಿದೆ, ವಿವರಣೆಯಿದೆ. ಸಿಗಡಿ, ಚಿಪ್ಪುಜೀವಿಗಳಿಗೆ ಅಷ್ಟು ವಿವರಣೆಯಿಲ್ಲ. ನನ್ನ ಮಕ್ಕಳು ರೋಹು ಮೀನನ್ನು ಕಂಡವರಲ್ಲ.

ಮೂರು ಬಾಟಲಿ ನೀರು

ಮೊದಲ ಅವಧಿಗೆ ಮೂರು ಸ್ಥಳಗಳಿಂದ ಒಂದೊಂದು ಲೀಟರ್ ನೀರು ತರಿಸಿದೆ. ತದಡಿಯ ನೀರನ್ನು ಮೀನು ದಕ್ಕೆಯಲ್ಲಿ ಕೆಲಸ ಮಾಡುವ ತಂದೆಯ ಕೈಲಿ ಒಬ್ಬ ತರಿಸಿದ, ಉಪ್ಪಿನಪಟ್ಟಣದ ಕಡೆಯಿಂದ ಬಸ್ಸಿಗೆ ಬರುವ ಇಬ್ಬರು ಇನ್ನೊಂದನ್ನು ತಂದರು, ನಡುವಿನದು ಶಾಲೆಯ ಹತ್ತಿರದ್ದು. ತುಂಬಿದ ದಿನ, ಗಂಟೆ, ಆಗ ಉಬ್ಬರವಿತ್ತೋ ಇಳಿತವಿತ್ತೋ ಎಂಬುದನ್ನು ಚೀಟಿಯಲ್ಲಿ ಬರೆದಿರಲೇಬೇಕು ಎಂಬುದು ಒಂದೇ ಷರತ್ತು. ನೋಡಲು ಮೂರೂ ನೀರು ಒಂದೇ. ರುಚಿ ನೋಡಿ ಹೇಳುತ್ತೇವೆ ಎಂದರು. ಪ್ರಯೋಗದ ಯಾವ ವಸ್ತುವನ್ನೂ ಬಾಯಿಗೆ ಹಾಕುವುದಿಲ್ಲ ಎಂಬ ನಿಯಮವನ್ನು ಹಲಗೆಯ ಮೇಲೆ ಬರೆದು, ‘ರುಚಿ ನೋಡದೆ ಹೇಗೆ ತಿಳಿಯುತ್ತೀರಿ?’ ಎಂದು ಕೇಳಿದೆ.

ಉತ್ತರಗಳು ಬೇಗ ಬಂದವು. ಕುದಿಸಿದರೆ ಉಪ್ಪು ಉಳಿಯುತ್ತದೆ ಎಂದರು ಕೆಲವರು. ಮೊಟ್ಟೆ ತೇಲಿಸಿ ನೋಡಬಹುದು ಎಂದ ಒಬ್ಬ. ಉಪ್ಪಿನಕಾಯಿಯ ನೀರು ಸಾಕಷ್ಟು ಉಪ್ಪಾಯಿತೋ ಎಂದು ಅವನ ಅಜ್ಜಿ ಹಾಗೇ ಪರೀಕ್ಷಿಸುವುದಂತೆ. ಎರಡನ್ನೂ ಮಾಡಿದೆವು. ಶಾಲೆಯ ತಕ್ಕಡಿ ಒಂದು ಗ್ರಾಮಿಗಿಂತ ಕಡಿಮೆ ತೂಕವನ್ನು ನಂಬುವಂತೆ ತೋರಿಸುವುದಿಲ್ಲ. ಅದಕ್ಕೇ ಪೂರ್ತಿ ಲೀಟರನ್ನು ಕಾಯಿಸಬೇಕಾಯಿತು. ಬಿಸಿಯೂಟದ ಅಡುಗೆಯವರು ಮಧ್ಯಾಹ್ನದ ಊಟ ಮುಗಿದ ಮೇಲೆ ಒಲೆ ಬಿಟ್ಟುಕೊಟ್ಟರು. ತದಡಿಯ ಪಾತ್ರೆಯಲ್ಲಿ ದಪ್ಪ ಬಿಳಿ ಪದರ ಉಳಿಯಿತು, ನಡುವಿನದರಲ್ಲಿ ಅದಕ್ಕಿಂತ ಕಡಿಮೆ, ಮೇಲಿನದರಲ್ಲಿ ತಳಕ್ಕೆ ಮಬ್ಬು ಹತ್ತಿದಂತೆ ಒಂದಿಷ್ಟು. ತೆರೆದ ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ ಎಂಬ ಅಂಕಿಯನ್ನು ನಾನು ಹೇಳಿದ್ದು ಇದಾದ ಮೇಲೆ. ಮೊದಲೇ ಹೇಳಿದ್ದರೆ ಕಾಯಿಸುವ ಕುತೂಹಲವೇ ಇರುತ್ತಿರಲಿಲ್ಲ.

ಮೂರೂ ಪಾತ್ರೆಗಳನ್ನು ಗೋಡೆಯ ಪಟ್ಟಿಯ ಕೆಳಗೆ ಸಾಲಾಗಿ ಇಟ್ಟಾಗ ಉಪ್ಪಿನ ಗೆರೆ ಎಂಬ ಮಾತಿಗೆ ಅರ್ಥ ಬಂತು. ‘ಇದೇ ಬಾಟಲಿಗಳನ್ನು ಜುಲೈನಲ್ಲಿ ತುಂಬಿದರೆ?’ ಎಂಬ ಪ್ರಶ್ನೆಗೆ ಮಳೆಗಾಲದಲ್ಲಿ ತದಡಿಯ ಹತ್ತಿರವೂ ನೀರು ಚಪ್ಪೆಯಾಗುತ್ತದೆ ಎಂದು ಮೀನುಗಾರರ ಮಕ್ಕಳು ಕೂಡಲೇ ಹೇಳಿದರು.

ಅಪ್ಪೆಮಿಡಿ, ಕಾಂಡ್ಲಾ, ಕಗ್ಗ

ಅಭಿಸರಣೆಗೆ ಪುಸ್ತಕದಲ್ಲಿ ಒಣದ್ರಾಕ್ಷಿ ಇದೆ. ನಾವು ಭರಣಿಯಿಂದ ಶುರುಮಾಡಿದೆವು. ಘಟ್ಟದ ಮೇಲೆ ಇದೇ ನದಿಯ ದಂಡೆಗಳಲ್ಲಿ ಬೆಳೆಯುವ ಅಪ್ಪೆಮಿಡಿಯನ್ನು ಉಪ್ಪಿನಲ್ಲಿ ಹಾಕಿಟ್ಟರೆ ಕೆಲವು ದಿನಗಳಲ್ಲಿ ಮಿಡಿ ಸುಕ್ಕುಗಟ್ಟುತ್ತದೆ, ಭರಣಿಯ ತುಂಬ ನೀರು ಬಿಟ್ಟುಕೊಂಡಿರುತ್ತದೆ. ‘ನೀರನ್ನು ಯಾರೂ ಹಾಕಿಲ್ಲ, ಎಲ್ಲಿಂದ ಬಂತು?’ ಎಂಬುದೇ ಪೀಠಿಕೆಯ ಪ್ರಶ್ನೆ. ಮಿಡಿಯ ಕಾಲ ಅಲ್ಲದ್ದರಿಂದ ಆಲೂಗಡ್ಡೆಯ ತುಂಡುಗಳನ್ನು ಮೂರು ಬಾಟಲಿಗಳ ನೀರಿನಲ್ಲಿ ಇಟ್ಟು ನೋಡಿದೆವು. ಸಮುದ್ರದ ನೀರಿನಲ್ಲಿದ್ದ ತುಂಡು ಬಗ್ಗುವಷ್ಟು ಮೆತ್ತಗಾಯಿತು, ನದಿಯ ಮೇಲ್ಭಾಗದ ನೀರಿನಲ್ಲಿದ್ದದ್ದು ಬಿರುಸಾಗಿ ಉಳಿಯಿತು.

ಇಲ್ಲಿಂದ ಘಟಕದ ಮುಖ್ಯ ಪ್ರಶ್ನೆಗೆ ದಾರಿ ತಾನೇ ತೆರೆಯಿತು. ಉಪ್ಪುನೀರು ಜೀವಕೋಶದ ನೀರನ್ನು ಹೊರಗೆಳೆಯುವುದಾದರೆ ಅಳಿವೆಯಲ್ಲಿ ಬೇರು ಬಿಟ್ಟವು ಬದುಕುವುದು ಹೇಗೆ? ಶಾಲೆಯಿಂದ ಹತ್ತು ನಿಮಿಷದ ದಾರಿಯಲ್ಲಿ ಕಾಂಡ್ಲಾ ಮರಗಳಿವೆ. ಕಾಂಡ್ಲಾ ಎಂದು ಒಂದೇ ಹೆಸರಿನಲ್ಲಿ ಕರೆದರೂ ಅವುಗಳ ತಂತ್ರ ಒಂದೇ ಅಲ್ಲ. ಊರುಗೋಲಿನಂತೆ ಬೇರು ಇಳಿಬಿಡುವ ರೈಜೊಫೊರಾ ಉಪ್ಪಿನ ಬಹುಪಾಲನ್ನು ಬೇರಿನಲ್ಲೇ ತಡೆದು ಹೊರಗಿಡುತ್ತದೆ. ಕೆಸರಿನಿಂದ ಪೆನ್ಸಿಲುಗಳಂತೆ ಉಸಿರುಬೇರು ಎಬ್ಬಿಸುವ ಅವಿಸೆನಿಯಾ ಒಳಗೆ ಬಂದ ಉಪ್ಪನ್ನು ಎಲೆಯ ಗ್ರಂಥಿಗಳ ಮೂಲಕ ಹೊರಗೆ ಹಾಕುತ್ತದೆ. ಬಿಸಿಲೇರಿದ ಹೊತ್ತಿನಲ್ಲಿ ಅದರ ಎಲೆಯನ್ನು ಭೂತಗನ್ನಡಿಯ ಕೆಳಗೆ ಹಿಡಿದರೆ ಸಣ್ಣ ಹರಳುಗಳು ಕಾಣುತ್ತವೆ. ಹದಿನಾಲ್ಕು ವರ್ಷ ಆ ಮರಗಳ ಪಕ್ಕದಲ್ಲೇ ಬೆಳೆದ ಮಕ್ಕಳು ಸಾಲು ನಿಂತು ನೋಡಿದರು. ರೈಜೊಫೊರಾದ ಬೀಜ ತಾಯಿಮರದಲ್ಲೇ ಮೊಳೆತು, ಉದ್ದನೆಯ ಕೋಲಿನಂತಾಗಿ ಕೆಸರಿಗೆ ಬೀಳುವುದು ಅವರಿಗೆ ಗೊತ್ತಿತ್ತು, ಏಕೆಂದರೆ ಅದರಿಂದ ಆಟವಾಡುತ್ತಾರೆ. ಉಪ್ಪುಕೆಸರಿನಲ್ಲಿ ಮೊಳೆಯುವ ಕಷ್ಟದ ಹಂತವನ್ನು ಮರ ಹೀಗೆ ದಾಟಿಸುತ್ತದೆ ಎಂಬುದು ಮಾತ್ರ ಹೊಸದು.

ಕಗ್ಗಕ್ಕೆ ಹೆಚ್ಚು ಸಮಯ ಕೊಟ್ಟೆ. ಅಳಿವೆಯ ಅಂಚಿನಲ್ಲಿ ಕಟ್ಟೆ ಹಾಕಿ ಮಾಡಿದ ತಗ್ಗು ಗದ್ದೆಗಳಿಗೆ ಇಲ್ಲಿ ಗಜನಿ ಎನ್ನುತ್ತಾರೆ. ಬೇಸಿಗೆಯಲ್ಲಿ ಉಪ್ಪು ಕುಡಿದ ಈ ನೆಲವನ್ನು ಮುಂಗಾರಿನ ಮೊದಲ ಮಳೆಗಳು ತೊಳೆಯುತ್ತವೆ. ಜೂನ್‌ನಲ್ಲಿ ಕಗ್ಗ ಭತ್ತದ ಬಿತ್ತನೆ, ಅಕ್ಟೋಬರ್ ಕೊನೆಯಿಂದ ನವೆಂಬರ್ ಒಳಗೆ ಕೊಯ್ಲು. ಗೊಬ್ಬರವಿಲ್ಲ, ಔಷಧವಿಲ್ಲ. ಎತ್ತರಕ್ಕೆ ಬೆಳೆಯುವ ಪೈರು ಕೆಲವು ದಿನ ನೆರೆಯಲ್ಲಿ ನಿಂತರೂ, ಕಟ್ಟೆ ಸೋರಿ ಸವಳು ನೀರು ನುಗ್ಗಿದರೂ ತಡೆದುಕೊಳ್ಳುತ್ತದೆ. ಅಕ್ಕಿ ಕೆಂಪು, ದಪ್ಪ. ಮಾಣಿಕಟ್ಟಾದಂಥ ಕೆಲವು ಊರುಗಳಲ್ಲಿ ರೈತರು ಈಗಲೂ ಸೇರಿ ಬೆಳೆಯುತ್ತಾರೆ, ಬೇರೆ ಅನೇಕ ಗಜನಿಗಳಲ್ಲಿ ಭತ್ತ ನಿಂತುಹೋಗಿದೆ.

ಎರಡು ಬಗೆಯ ಭತ್ತ, ಕಗ್ಗ ಮತ್ತು ಎತ್ತರದ ಗದ್ದೆಯ ಸಾಮಾನ್ಯ ತಳಿ, ತಲಾ 20 ಕಾಳು. ನೀರು ಮೂರು ಬಗೆ: ಉಪ್ಪಿಲ್ಲದ್ದು, ಲೀಟರಿಗೆ 5 ಗ್ರಾಂ ಉಪ್ಪಿನದು, 10 ಗ್ರಾಮಿನದು. ಒಟ್ಟು ಆರು ತಟ್ಟೆಗಳನ್ನು ಕಿಟಕಿಯ ಹತ್ತಿರ ಇಟ್ಟೆವು. ಉಪ್ಪಿಲ್ಲದ ತಟ್ಟೆಗಳಲ್ಲಿ ಎರಡೂ ಚೆನ್ನಾಗಿ ಮೊಳೆತವು. ಉಪ್ಪು ಏರಿದಂತೆ ಎರಡೂ ಹಿಂದೆ ಬಿದ್ದವು, ಸಾಮಾನ್ಯ ತಳಿ ಹೆಚ್ಚು ಹಿಂದೆ ಬಿತ್ತು. ತರಗತಿ ಇದನ್ನು ಕಗ್ಗದ ಗೆಲುವು ಎಂದು ಕೂಗಿಬಿಟ್ಟಿತು. ಆಗ ಎರಡನೇ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಬಿತ್ತೋ ಹೊತ್ತಿಗೆ ಗದ್ದೇಲಿ ಉಪ್ಪೇ ಇರೂದಿಲ್ಲ ಅಕ್ಕೋರೆ, ಮಳೆ ತೊಳೆದಿರ್ತದೆ. ಕಗ್ಗಕ್ಕೆ ಉಪ್ಪು ಸಿಗೂದು ದೊಡ್ಡ ಆದ್ಮೇಲೆ” ಎಂದ. ಪ್ರಯೋಗದ ವಿನ್ಯಾಸದ ಬಗ್ಗೆ ಇಡೀ ಇಂಟರ್ನ್‌ಶಿಪ್‌ನಲ್ಲಿ ನಾನು ಕೇಳಿದ ಅತ್ಯುತ್ತಮ ಟೀಕೆ ಇದು. ಮೊಳಕೆಯಲ್ಲಿ ಕಂಡದ್ದು ಪೈರಿನ ಸಹನೆಗೆ ಪುರಾವೆಯಲ್ಲ, 20 ಕಾಳು ಒಂದು ಸಲ ಮೊಳೆತದ್ದು ಯಾವುದಕ್ಕೂ ಪುರಾವೆಯಲ್ಲ. ಸರಿಯಾದ ಪರೀಕ್ಷೆ ಹೇಗಿರಬೇಕು ಎಂದು ಅವನೂ ಅವನ ಗುಂಪೂ ಸೇರಿ ಕುಂಡಗಳ ಒಂದು ಯೋಜನೆ ಬರೆದರು. ಅದು ಮಳೆಗಾಲಕ್ಕೆ ಕಾಯಬೇಕಾದ ಕೆಲಸ.

ಗಜನಿಗೆ ಹೋದ ದಿನ

ಭೇಟಿಯ ದಿನವನ್ನು ಗೊತ್ತುಮಾಡುವುದೇ ಒಂದು ಗಣಿತದ ಪಾಠವಾಯಿತು. ಇಳಿತದಲ್ಲಿ ಹೋಗಬೇಕು, ಅದು ಶಾಲೆಯ ಹೊತ್ತಿನಲ್ಲಿ ಬೀಳಬೇಕು. ಭೂಗೋಳದ ಪುಸ್ತಕದಲ್ಲಿ ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ ಎಂದಿದೆ. ದೋಣಿ ನಡೆಸುವ ಹಿರಿಯರೊಬ್ಬರನ್ನು ಮಕ್ಕಳು ಕೇಳಿಕೊಂಡು ಬಂದ ಲೆಕ್ಕ ಬೇರೆ: ‘ತಿಥಿಗೆ ಮುಕ್ಕಾಲು ತಾಸು’. ಯಾವುದು ಸರಿ ಎಂಬ ವಾದಕ್ಕೆ ಹಲಗೆಯ ಮೇಲೆ ಲೆಕ್ಕ ಹಾಕಿದೆವು. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ 30 ತಿಥಿ. ಆ ಅವಧಿಯಲ್ಲಿ ಉಬ್ಬರದ ಹೊತ್ತು ಗಡಿಯಾರವನ್ನು ಪೂರ್ತಿ 24 ಗಂಟೆ ಸುತ್ತಿ ಮೊದಲಿನ ಜಾಗಕ್ಕೆ ಬರುತ್ತದೆ. 24 ಗಂಟೆಯನ್ನು 30ರಿಂದ ಭಾಗಿಸಿದರೆ 48 ನಿಮಿಷ. ಮುಕ್ಕಾಲು ತಾಸು ಎಂದರೆ 45. ತಿಥಿ ಸರಾಸರಿಯಲ್ಲಿ ದಿನಕ್ಕಿಂತ ತುಸು ಚಿಕ್ಕದಾದ್ದರಿಂದ ದಿನದ ಲೆಕ್ಕದಲ್ಲಿ ಅಂತರ ಇನ್ನಷ್ಟು ಬೆಳೆದು 50ರ ಹತ್ತಿರ ಹೋಗುತ್ತದೆ. ದೋಣಿಯವರೂ ಪುಸ್ತಕವೂ ಒಂದೇ ಚಂದ್ರನನ್ನು ಎರಡು ಅಳತೆಗೋಲಿನಲ್ಲಿ ಅಳೆದಿದ್ದರು. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಇಲ್ಲಿನ ಇಳಿತ ನಸುಕಿನಲ್ಲೋ ಸಂಜೆಯಲ್ಲೋ ಬೀಳುತ್ತದೆ. ನಾವು ಅಷ್ಟಮಿಯ ಆಸುಪಾಸಿನ ಒಂದು ದಿನ ಆರಿಸಿದೆವು. ಅಂಥ ದಿನ ನೀರು ಹೆಚ್ಚು ಇಳಿಯುವುದಿಲ್ಲ, ಕೆಸರು ಕಡಿಮೆ ತೆರೆದುಕೊಳ್ಳುತ್ತದೆ. ಮಕ್ಕಳ ಗುಂಪಿಗೆ ಅದು ಒಳ್ಳೆಯದೇ.

ಗಜನಿಯ ಕಟ್ಟೆಯಲ್ಲಿ ಹಲಗೆಯ ತೂಬು ಇರುತ್ತದೆ, ಊರಿನವರು ಜಂತ್ರಡಿ ಎನ್ನುತ್ತಾರೆ. ಕೊಯ್ಲು ಮುಗಿದ ಮೇಲೆ ಉಬ್ಬರದಲ್ಲಿ ಅದನ್ನು ತೆರೆದರೆ ಅಳಿವೆಯ ನೀರಿನ ಜೊತೆ ಸಿಗಡಿ ಮರಿ, ಮೀನು ಮರಿ ಒಳಗೆ ಬರುತ್ತವೆ. ಗದ್ದೆಯಲ್ಲಿ ಉಳಿದ ಭತ್ತದ ಬುಡ ಕೊಳೆತು ಅವುಗಳ ಆಹಾರದ ಸರಪಳಿ ಅಲ್ಲಿಂದ ಶುರುವಾಗುತ್ತದೆ. ಮುಂದೆ ಇಳಿತದಲ್ಲಿ ನೀರು ಬಿಡುವಾಗ ತೂಬಿನ ಬಾಯಿಗೆ ಬಲೆ ಕಟ್ಟಿ ಬೆಳೆದ ಮೀನು ಹಿಡಿಯುತ್ತಾರೆ. ಮೀನು ಬಿಟ್ಟುಹೋದದ್ದು ಮುಂದಿನ ಭತ್ತಕ್ಕೆ ಗೊಬ್ಬರ. ಪುಸ್ತಕದ ಮಿಶ್ರ ಸಾಕಣೆಯ ಚಿತ್ರವನ್ನು ನಾನು ಅಲ್ಲಿ ಕಟ್ಟೆಯ ಮೇಲೇ ತೆರೆದು ತೋರಿಸಿದೆ. ಇಬ್ಬರು ಅದರ ಪಕ್ಕದಲ್ಲಿ ಗಜನಿಯ ಚಿತ್ರ ಬರೆದು, ಎಲ್ಲಿ ಹೊರಗಿನಿಂದ ಮರಿ ಕೊಂಡು ತಂದು ಬಿಡಬೇಕು, ಎಲ್ಲಿ ಬೇಡ ಎಂದು ಬಾಣ ಹಾಕಿದರು.

ವಾಪಸ್ಸು ಬರುವಾಗ ಬಳಚು ಹೆಕ್ಕುವ ಹೆಂಗಸರು ಮೊಣಕಾಲು ನೀರಿನಲ್ಲಿ ಬಾಗಿ ಕೆಲಸ ಮಾಡುತ್ತಿದ್ದರು. ಎರಡು ಚಿಪ್ಪಿನ ಈ ಜೀವಿಗೆ ಚಿಪ್ಪೆಕಲ್ಲು ಎಂದೂ ಹೇಳುವುದುಂಟು. ಅಲ್ಲಿಯವರೆಗೆ ತರಗತಿಯಲ್ಲಿ ಬಾಯಿ ಬಿಡದಿದ್ದ ಒಬ್ಬ ಹುಡುಗಿ ನನ್ನ ಪಕ್ಕಕ್ಕೆ ಬಂದು, “ಅಲ್ಲಿ ಬದಿಗೆ ಇರೂದು ನಮ್ಮ ಅವ್ವಿ” ಎಂದಳು, ಯಾರಿಗೂ ಕೇಳದಷ್ಟು ಸಣ್ಣ ದನಿಯಲ್ಲಿ. ಬಳಚಿನ ವಾಸನೆ ಎಂದು ಅವಳನ್ನು ಚುಡಾಯಿಸುತ್ತಾರೆಂದು ಮಾರ್ಗದರ್ಶಕರು ನನಗೆ ಮೊದಲೇ ತಿಳಿಸಿದ್ದರು. ಮರುದಿನಕ್ಕೆ ಹತ್ತು ಜೀವಂತ ಬಳಚು, ಒಂದು ಬಕೆಟ್ ಅಳಿವೆಯ ನೀರು ತರುವೆಯಾ ಎಂದು ಅವಳನ್ನೇ ಕೇಳಿದೆ.

ಎರಡು ಗಾಜಿನ ಭರಣಿಗಳಲ್ಲಿ ಒಂದೇ ರಾಡಿ ನೀರು ತುಂಬಿ, ಒಂದರಲ್ಲಿ ಬಳಚು ಬಿಟ್ಟು, ಇನ್ನೊಂದನ್ನು ಹಾಗೇ ಇಟ್ಟೆವು. ಗಲಾಟೆಯಾದರೆ ಅವು ಚಿಪ್ಪು ಮುಚ್ಚಿಕೊಳ್ಳುತ್ತವೆ, ನೀರು ಕಲಕಬಾರದು, ಬಿಸಿಲಿಗೆ ಇಡಬಾರದು ಎಂದು ಸೂಚನೆ ಕೊಟ್ಟವಳು ಆ ಹುಡುಗಿ. ಮಧ್ಯಾಹ್ನದ ಹೊತ್ತಿಗೆ ಬಳಚಿನ ಭರಣಿಯಾಚೆ ಇಟ್ಟ ಪುಸ್ತಕದ ಅಕ್ಷರ ಓದಲು ಬರುತ್ತಿತ್ತು, ಇನ್ನೊಂದರಲ್ಲಿ ಇಲ್ಲ. ನೀರನ್ನು ಒಳಗೆಳೆದು, ಕಿವಿರಿನಲ್ಲಿ ಕಣಗಳನ್ನು ಸೋಸಿ, ಬಿಟ್ಟುಬಿಡುವ ಈ ಜೀವಿಗಳು ಅಳಿವೆಯ ತಳದಲ್ಲಿ ಇಡೀ ದಿನ ಇದನ್ನೇ ಮಾಡುತ್ತಿರುತ್ತವೆ. ನೀರು ಹೊಲಸಾದರೆ ಹೊಲಸನ್ನೂ ಇವು ಸೋಸಿಕೊಳ್ಳುತ್ತವೆ, ತಿನ್ನುವವರಿಗೆ ಅದು ತಲುಪುತ್ತದೆ ಎಂಬ ಮಾತು ಅವಳದೇ ಪ್ರಶ್ನೆಯಿಂದ ಹೊರಟಿತು. ಸಂಜೆ ಹತ್ತೂ ಬಳಚು ನದಿಗೆ ವಾಪಸ್ಸು ಹೋದವು.

ಮೆಣಸು ಇಳಿದ ದಾರಿ, ಉಪ್ಪು ಹತ್ತಿದ ದಾರಿ

ಮಿರ್ಜಾನ್ ಕೋಟೆ ಹೆದ್ದಾರಿಯಿಂದ ಅರ್ಧ ಕಿಲೋಮೀಟರ್ ಒಳಗೆ ಇದೆ. ಮಕ್ಕಳು ಹಿಂದೆಯೇ ಪ್ರವಾಸ ಹೋಗಿ ಫೋಟೊ ತೆಗೆಸಿಕೊಂಡವರು. ಹಾಗಾಗಿ ಕೋಟೆಗೆ ಮತ್ತೆ ಕರೆದೊಯ್ಯದೆ ಅವರ ಫೋಟೊಗಳನ್ನೇ ಬಳಸಿದೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿಗೆ ಈ ಕೋಟೆ ತಳಕು ಹಾಕಿಕೊಂಡಿದೆ. 16ನೇ ಶತಮಾನದಲ್ಲಿ ಆಕೆಯ ಜೊತೆ ವ್ಯಾಪಾರ ಮಾಡಿ ಜಗಳವನ್ನೂ ಮಾಡಿದ ಪೋರ್ಚುಗೀಸರು ಆಕೆಯನ್ನು ‘ರೈನಾ ದ ಪಿಮೆಂಟಾ’, ಅಂದರೆ ಮೆಣಸಿನ ರಾಣಿ ಎಂದರು. ಕೋಟೆ ಗುಡ್ಡದ ತುದಿಯಲ್ಲಿಲ್ಲ, ನದಿಯ ಪಕ್ಕದಲ್ಲಿದೆ ಏಕೆ ಎಂದು ಕೇಳಿದೆ. ಗೋಡೆಯ ಪಟ್ಟಿಯಲ್ಲಿ ಕೋಟೆಯ ಜಾಗವನ್ನು ಗುರುತಿಸಿದಾಗ ಅದು ನಮ್ಮ ಉಪ್ಪಿನ ಗೆರೆಯ ನಡುವೆಯೇ ಬಿತ್ತು. ಸಮುದ್ರದ ಕಡೆಯಿಂದ ದೋಣಿ ಬರಬಹುದು, ಘಟ್ಟದ ಮೆಣಸು ಇಳಿದು ಬರಬಹುದು. ಇನ್ನೂ ಮೇಲಕ್ಕೆ ಉಪ್ಪಿನಪಟ್ಟಣ ಎಂಬ ಹೆಸರೇ ಇದೆ. ಉಪ್ಪು ಬೆಳೆಯದ ಜಾಗಕ್ಕೆ ಆ ಹೆಸರು ಏಕೆ ಬಂದಿರಬಹುದು ಎಂಬುದಕ್ಕೆ ಮಕ್ಕಳು ತಾವೇ ಕಟ್ಟಿದ ಊಹೆಯೆಂದರೆ ದೋಣಿಯ ಉಪ್ಪು ಅಲ್ಲಿ ಇಳಿದು ಘಟ್ಟ ಹತ್ತುತ್ತಿತ್ತು ಎಂಬುದು. ಊಹೆ ಎಂದೇ ಪಟ್ಟಿಯಲ್ಲಿ ಬರೆದೆವು.

ಕೋಟೆಯ ಕಲ್ಲು ಜಂಬಿಟ್ಟಿಗೆ, ಇಲ್ಲಿನವರ ಬಾಯಲ್ಲಿ ಚಿರೇಕಲ್ಲು. ಅವರ ಮನೆಗಳದ್ದೂ ಅದೇ. ಜೋರು ಮಳೆ ಬಹು ದೀರ್ಘ ಕಾಲ ಬಂಡೆಯ ಕರಗುವ ಭಾಗವನ್ನು ತೊಳೆದು ಒಯ್ದು, ಕಬ್ಬಿಣ ಮತ್ತು ಅಲ್ಯುಮಿನಿಯಂ ಆಕ್ಸೈಡುಗಳನ್ನು ಉಳಿಸಿದ ಕಲ್ಲು ಇದು. ಅಗೆಯುವಾಗ ಮೆತ್ತಗೆ, ಗಾಳಿಗೆ ಒಡ್ಡಿದ ಮೇಲೆ ಗಟ್ಟಿ. ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ ಫ್ರಾನ್ಸಿಸ್ ಬುಕನನ್ 1801ರಲ್ಲಿ ಈ ಕರಾವಳಿಯಲ್ಲೂ ಓಡಾಡಿದವನು. ಅವನ ಪ್ರವಾಸ ಕಥನ ಪ್ರಕಟವಾದದ್ದು 1807ರಲ್ಲಿ.

ಇತಿಹಾಸದ ಭಾಗದಲ್ಲಿ ಮಕ್ಕಳನ್ನು ಹೆಚ್ಚು ತಟ್ಟಿದ್ದು ಉಪ್ಪಿನ ಸತ್ಯಾಗ್ರಹ. ದಂಡಿಯ ಪಾಠವನ್ನು ಅವರು ಓದಿದ್ದರು. 1930ರ ಏಪ್ರಿಲ್ 13ರಂದು ಪಕ್ಕದ ಅಂಕೋಲಾದಲ್ಲಿ ಎಂ.ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಅದೇ ಕಾನೂನು ಮುರಿದದ್ದನ್ನು ಹೇಳಿದಾಗ, ನಾವು ಒಲೆಯ ಮೇಲೆ ಮಾಡಿದ್ದೂ ಆಗ ಅಪರಾಧವಾಗುತ್ತಿತ್ತೇ ಎಂಬ ಪ್ರಶ್ನೆ ಬಂತು. ಆಗುತ್ತಿತ್ತು ಎಂದೆ. ಪಾತ್ರೆಯ ತಳದ ಬಿಳಿ ಪದರವನ್ನು ಮತ್ತೊಮ್ಮೆ ನೋಡಲು ನಾಲ್ಕೈದು ಜನ ಎದ್ದು ಹೋದರು. ಗೋಕರ್ಣದ ಹತ್ತಿರದ ಸಾಣಿಕಟ್ಟಾದಲ್ಲಿ ಈಗಲೂ ಅಳಿವೆಯ ನೀರನ್ನು ಮಡಿಗಳಲ್ಲಿ ಒಣಗಿಸಿ ಉಪ್ಪು ತೆಗೆಯುತ್ತಾರೆ. ನಮ್ಮ ಇಂಟರ್ನ್‌ಶಿಪ್ ನವೆಂಬರ್-ಡಿಸೆಂಬರ್‌ನಲ್ಲಿದ್ದುದರಿಂದ ಆ ಕೆಲಸ ನೋಡಲು ಆಗಲಿಲ್ಲ.

ಊಟವನ್ನು ಗೆರೆಯ ಮೇಲೆ ಇಡುವುದು

ಆಹಾರದ ಅವಧಿಗೆ ಹೆಚ್ಚು ಎಚ್ಚರದಿಂದ ಯೋಜನೆ ಬರೆದೆ. ಒಂದೇ ತರಗತಿಯಲ್ಲಿ ಮೀನಿಲ್ಲದೆ ಊಟ ಸೇರದ ಮನೆಗಳಿವೆ, ಮೀನು ಮುಟ್ಟದ ಮನೆಗಳಿವೆ. ಯಾರ ಮನೆಯಲ್ಲಿ ಏನು ತಿನ್ನುತ್ತಾರೆ ಎಂಬ ಪ್ರಶ್ನೆ ಬೇಗ ಜಾತಿಯ ಪ್ರಶ್ನೆಯಾಗುತ್ತದೆ. ಆದ್ದರಿಂದ ‘ನಿಮ್ಮ ಮನೆಯ ಒಂದು ಅಡುಗೆ’ ಎನ್ನದೆ ‘ಉಪ್ಪಿನ ಗೆರೆಯ ಯಾವುದಾದರೂ ಒಂದು ಜಾಗದ ಅಡುಗೆ’ ಎಂದು ಕೇಳಿದೆ. ಯಾವ ಜಾಗವನ್ನು ಬೇಕಾದರೂ ಆರಿಸಿಕೊಳ್ಳಬಹುದು, ನೆರೆಮನೆಯವರನ್ನು ಕೇಳಬಹುದು.

ಮರುದಿನ ಪಟ್ಟಿ ತುಂಬಿಹೋಯಿತು. ಘಟ್ಟದ ತುದಿಯಲ್ಲಿ ಅಪ್ಪೆಹುಳಿ, ತಂಬುಳಿ, ಮುರುಗಲಿನ ಸಾರು. ನಡುವೆ ಕಗ್ಗದ ಗಂಜಿ, ಸಿಗಡಿ, ಏಡಿ, ಬಳಚಿನ ಸುಕ್ಕಾ. ಸಮುದ್ರದ ತುದಿಯಲ್ಲಿ ಬಂಗಡೆ, ತಾರ್ಲೆ. ಮರಳು ಮಣ್ಣಿನ ಅಳ್ವೆಕೋಡಿ, ಹಂದಿಗೋಣದ ಜಡೆ ಹೆಣೆದ ಸಿಹಿ ಈರುಳ್ಳಿ ಒಂದು ಚೀಟಿಯಲ್ಲಿ, 2023ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಅಂಕೋಲಾದ ಕರಿ ಈಶಾಡು ಮಾವು ಇನ್ನೊಂದರಲ್ಲಿ. ಅಂಕೋಲಾ ನಮ್ಮ ನದಿಯ ಮೇಲಿಲ್ಲ ಎಂಬ ತಕರಾರಿಗೆ ಆ ಚೀಟಿಯನ್ನು ಪಟ್ಟಿಯ ಹೊರಗೆ, ಉತ್ತರ ದಿಕ್ಕಿಗೆ ಅಂಟಿಸಿದರು.

ಆಮೇಲೆ ಎಲ್ಲ ಅಡುಗೆಗಳಲ್ಲಿ ಸಮಾನವಾದ ವಸ್ತು ಹುಡುಕಲು ಹೇಳಿದೆ. ತೆಂಗಿನಕಾಯಿ ಬಹುಪಾಲು ಕಡೆ ಇತ್ತು. ಹುಳಿ ಹೆಚ್ಚು ಕಡೆ ಇತ್ತು, ಆದರೆ ಹುಳಿಯ ಮೂಲ ಬದಲಾಗುತ್ತಿತ್ತು: ಮಾವು, ಮುರುಗಲು, ಹುಣಸೆ. ಉಪ್ಪು ಎಲ್ಲದರಲ್ಲೂ. ಬಳಚಿಗೆ ಉಪ್ಪು ಕಡಿಮೆ ಹಾಕಬೇಕು, ಅದರೊಳಗೆ ಅಳಿವೆಯ ನೀರೇ ಇರುತ್ತದೆ ಎಂಬ ಸಂಗತಿಯನ್ನು ಹಲಗೆಗೆ ಬಂದು ಬರೆದವಳು ಭರಣಿಗಳನ್ನು ನೋಡಿಕೊಂಡ ಹುಡುಗಿ. ಅಪ್ಪೆಹುಳಿಯ ಚೀಟಿ ತಂದವಳು ಅದನ್ನು ತನ್ನ ಟಿಪ್ಪಣಿಗೆ ಇಳಿಸಿಕೊಂಡಳು. ಈ ಎರಡು ಸಾಲುಗಳನ್ನು ನನ್ನ ಅವಲೋಕನ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಗುರುತು ಮಾಡಿಕೊಂಡಿದ್ದೇನೆ.

ಮೌಲ್ಯಮಾಪನ ಮತ್ತು ಒಂದು ಕಠಿಣ ಪ್ರಶ್ನೆ

ಘಟಕ ಪರೀಕ್ಷೆಯಲ್ಲಿ ಅಭಿಸರಣೆಯ ವ್ಯಾಖ್ಯೆ ಕೇಳಲಿಲ್ಲ. ‘ಕಟ್ಟೆ ಒಡೆದು ಆಗಸ್ಟ್‌ನಲ್ಲಿ ಒಂದು ಗಜನಿಗೆ, ಏಪ್ರಿಲ್‌ನಲ್ಲಿ ಇನ್ನೊಂದಕ್ಕೆ ನದಿನೀರು ನುಗ್ಗಿತು. ಎರಡರ ಪರಿಣಾಮ ಒಂದೇ ಆಗಿರುತ್ತದೆಯೇ?’ ಎಂದು ಕೇಳಿದೆ. ಬಹುಪಾಲು ಮಕ್ಕಳು ನೀರಿನ ಉಪ್ಪನ್ನೂ ಗದ್ದೆಯಲ್ಲಿ ಆಗ ಏನಿರುತ್ತದೆ ಎಂಬುದನ್ನೂ ಸೇರಿಸಿ ಬರೆದರು. ವ್ಯಾಖ್ಯೆಯನ್ನು ಕಂಠಪಾಠ ಮಾಡಿ ಒಳ್ಳೆಯ ಅಂಕ ತೆಗೆಯುತ್ತಿದ್ದ ಕೆಲವರಿಗೆ ಇದು ಕಷ್ಟವಾಯಿತು. ಅವರಿಗಾಗಿ ಪುಸ್ತಕದ ಭಾಷೆಗೆ ವಾಪಸ್ಸು ಬರುವ ಇನ್ನೊಂದು ಅವಧಿ ಬೇಕು. ಸಾರ್ವಜನಿಕ ಪರೀಕ್ಷೆ ಆ ಭಾಷೆಯಲ್ಲೇ ಬರುತ್ತದೆ, ಅದನ್ನು ಮರೆತು ಊರಿನ ಪಾಠ ಮಾಡುವುದು ಮಕ್ಕಳಿಗೆ ನ್ಯಾಯವಲ್ಲ.

ಕಠಿಣ ಪ್ರಶ್ನೆ ಪರೀಕ್ಷೆಯದಲ್ಲ. ಕಗ್ಗದ ಪ್ರಯೋಗವನ್ನು ಟೀಕಿಸಿದ ಹುಡುಗನೇ ಕೊನೆಯ ಅವಧಿಯಲ್ಲಿ ಕೇಳಿದ: “ಕಗ್ಗ ಇಷ್ಟು ಒಳ್ಳೇದಾದ್ರೆ ನಮ್ಮನೇಲಿ ಯಾಕೆ ಬಿಟ್ರು ಅಕ್ಕೋರೆ?” ಅವರ ಗಜನಿ ಈಗ ಸಿಗಡಿಗೆ ಗೇಣಿ ಹೋಗಿದೆ. ಪರಂಪರೆಯನ್ನು ಉಳಿಸಬೇಕು ಎಂಬ ಸಿದ್ಧ ವಾಕ್ಯ ನನ್ನ ಬಾಯಿಯ ತನಕ ಬಂದಿತ್ತು. ಅದನ್ನು ಹೇಳಲಿಲ್ಲ. ಬದಲಿಗೆ ಹಲಗೆಯನ್ನು ಎರಡು ಭಾಗ ಮಾಡಿ ಮಕ್ಕಳಿಂದಲೇ ಕಾರಣ ತೆಗೆಸಿದೆ. ಇಳುವರಿ ಕಡಿಮೆ, ಕೆಸರಿನಲ್ಲಿ ಕೊಯ್ಲಿಗೆ ಆಳು ಸಿಗುವುದಿಲ್ಲ, ಒಬ್ಬರು ಬಿಟ್ಟರೆ ಪಕ್ಕದವರ ಕಟ್ಟೆಗೂ ಕಷ್ಟ, ಸಿಗಡಿಗೆ ಕೈಗೆ ಒಮ್ಮೆಲೇ ಹಣ. ಇನ್ನೊಂದು ಬದಿಯಲ್ಲಿ ಬೀಜಕ್ಕೂ ಗೊಬ್ಬರಕ್ಕೂ ಖರ್ಚಿಲ್ಲ, ಸಿಗಡಿಗೆ ರೋಗ ಬಿದ್ದರೆ ಎಲ್ಲ ಹೋಗುತ್ತದೆ, ಬಿಟ್ಟ ಬೀಜ ಮತ್ತೆ ಸಿಗುವುದಿಲ್ಲ. ತದಡಿಗೆ ಹಿಂದೆ ಬಂದಿದ್ದ ಉಷ್ಣವಿದ್ಯುತ್ ಸ್ಥಾವರ ಮತ್ತು ಬಂದರಿನ ಪ್ರಸ್ತಾವಗಳ ಮಾತನ್ನೂ ಒಬ್ಬಳು ಎತ್ತಿದಳು. ಕೆಲಸ ಸಿಗುತ್ತಿತ್ತು ಎಂದ ಒಬ್ಬ, ಬಳಚು ಉಳಿಯುತ್ತಿತ್ತೇ ಎಂದಳು ಇನ್ನೊಬ್ಬಳು. ಗಂಟೆ ಹೊಡೆಯಿತು. ನನ್ನ ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಹಾಳೆಯಲ್ಲಿ ‘ಉಪಸಂಹಾರ ಇಲ್ಲ’ ಎಂದು ಬರೆದು, ಅದರ ಮುಂದೆ ‘ಸರಿಯಾಗಿದೆ’ ಎಂದು ಸೇರಿಸಿದರು. ತಂದೆಯವರು ಮಾಡಿದ ತೀರ್ಮಾನವನ್ನು ತರಗತಿಯಲ್ಲಿ ತೀರ್ಪಿಗೆ ಇಡುವ ಅಧಿಕಾರ ಎರಡು ತಿಂಗಳಿಗೆ ಬಂದ ನನಗಿಲ್ಲ. ಕಾರಣಗಳನ್ನು ಮುಚ್ಚಿಡುವ ಅಧಿಕಾರವೂ ಇಲ್ಲ.

ಮುಂದಿನ ತಂಡದವರು ಮಳೆಗಾಲದಲ್ಲಿ ಅಲ್ಲಿಗೆ ಹೋಗುವುದಾದರೆ ಘಟಕವನ್ನು ಹೀಗೇ ನಡೆಸಲು ಆಗುವುದಿಲ್ಲ. ನೀರು ಚಪ್ಪೆಯಾಗಿರುತ್ತದೆ, ಗಜನಿಯಲ್ಲಿ ಪೈರು ಇರುತ್ತದೆ, ಹರಿವು ಜೋರಿದ್ದಾಗ ಮಕ್ಕಳನ್ನು ದಂಡೆಗೆ ಕರೆದೊಯ್ಯಬಾರದು. ಆದರೆ ಬಾಟಲಿಗಳನ್ನು ದೊಡ್ಡವರ ಕೈಲಿ ತುಂಬಿಸಬಹುದು, ಡಿಸೆಂಬರಿನ ಪಾತ್ರೆಗಳ ಪಕ್ಕದಲ್ಲಿ ಜುಲೈ ಪಾತ್ರೆಗಳನ್ನು ಇಡಬಹುದು. ಕುಂಡಗಳ ಯೋಜನೆ ಬರೆದ ಗುಂಪು ಹತ್ತನೇ ತರಗತಿಯಲ್ಲಿರುತ್ತದೆ, ಅವರನ್ನು ಕೇಳಿ. ಕಗ್ಗದ ಒಂದು ಸೇರು ಬೀಜ, ಮೂರು ಪಾತ್ರೆಗಳು ಮತ್ತು ಚೀಟಿಗಳು ಪ್ರಯೋಗಾಲಯದ ಕಪಾಟಿನ ಕೆಳಗಿನ ಖಾನೆಯಲ್ಲಿವೆ. ಬೀಜಕ್ಕೆ ಬೇವಿನ ಎಲೆ ಹಾಕಿದ್ದೇವೆ, ಬೀಗದ ಕೈ ವಿಜ್ಞಾನ ಶಿಕ್ಷಕರ ಹತ್ತಿರ ಇದೆ.